ಕಳುಹಿಸಿದವರೇ ಕಾಯಬೇಕು

1995ರ ಮಾರ್ಚ್ 17ರ ಬೆಳಗಿನ ಜಾವ ಸಿಂಗಪುರದ ಚಾಂಗಿ ಸೆರೆಮನೆಯಲ್ಲಿ ಫ್ಲೋರ್ ಕಾಂಟೆಂಪ್ಲಾಸಿಯೋನ್ ಎಂಬ 42 ವರ್ಷದ ಹೆಂಗಸನ್ನು ಗಲ್ಲಿಗೇರಿಸಲಾಯಿತು. ಫಿಲಿಪ್ಪೀನ್ಸ್‌ನಿಂದ ಹೊಟ್ಟೆಪಾಡಿಗಾಗಿ ಬಂದು ಮನೆಗೆಲಸಕ್ಕಿದ್ದ ಆಕೆ ನಾಲ್ಕು ಮಕ್ಕಳ ತಾಯಿ. ತನ್ನ ದೇಶದವಳೇ ಆದ ಇನ್ನೊಬ್ಬ ಮನೆಗೆಲಸದಾಕೆಯನ್ನೂ ಅವಳು ನೋಡಿಕೊಳ್ಳುತ್ತಿದ್ದ ಪುಟ್ಟ ಬಾಲಕನನ್ನೂ 1991ರಲ್ಲಿ ಕೊಂದಳೆಂಬುದು ಆಕೆಯ ಮೇಲಿದ್ದ ಆರೋಪ. ನ್ಯಾಯಾಲಯ ಅದನ್ನು ಒಪ್ಪಿತು. ಫಿಲಿಪ್ಪೀನ್ಸ್‌ನ ಜನರಲ್ಲಿ ಬಹುಪಾಲು ಮಂದಿ ಒಪ್ಪಲಿಲ್ಲ. ಮನಿಲಾದ ಬೀದಿಗಳಲ್ಲಿ ಸಿಂಗಪುರದ ಧ್ವಜ ಸುಟ್ಟರು. ಆದರೆ ಜನರ ಸಿಟ್ಟು ಸಿಂಗಪುರದ ಮೇಲಷ್ಟೇ ನಿಲ್ಲಲಿಲ್ಲ. 'ನಮ್ಮ ರಾಯಭಾರ ಕಚೇರಿ ಏನು ಮಾಡುತ್ತಿತ್ತು?' ಎಂದು ಸ್ವಂತ ಸರ್ಕಾರದತ್ತಲೇ ತಿರುಗಿತು. ವಿದೇಶಾಂಗ ಸಚಿವ ರಾಬರ್ಟೊ ರೊಮುಲೊ ರಾಜೀನಾಮೆ ಕೊಡಬೇಕಾಯಿತು. ಮೂರು ತಿಂಗಳು ತುಂಬುವುದರೊಳಗೆ, ಜೂನ್ 7ರಂದು, ವಲಸೆ ಕಾರ್ಮಿಕರಿಗಾಗಿಯೇ ಒಂದು ಕಾಯಿದೆಗೆ ಸಹಿ ಬಿತ್ತು.

ಪರದೇಶದಲ್ಲಿ ನಡೆದ ಶಿಕ್ಷೆಗೆ ಜನ ತಮ್ಮ ಸರ್ಕಾರವನ್ನೇಕೆ ಹೊಣೆ ಮಾಡಿದರು? ಇದಕ್ಕೆ ಉತ್ತರ ಸಿಗಬೇಕಾದರೆ ಎರಡು ದಶಕ ಹಿಂದಕ್ಕೆ ಹೋಗಬೇಕು.

1974ರಲ್ಲಿ ಅಧ್ಯಕ್ಷ ಫರ್ಡಿನಂಡ್ ಮಾರ್ಕೋಸ್ ಹೊಸ ಕಾರ್ಮಿಕ ಸಂಹಿತೆಯನ್ನು ತಂದರು. ದೇಶದಲ್ಲಿ ನಿರುದ್ಯೋಗ ಹೆಚ್ಚಿತ್ತು, ವಿದೇಶಿ ವಿನಿಮಯದ ಕೊರತೆ ಕಾಡುತ್ತಿತ್ತು. ಅತ್ತ ತೈಲದ ಬೆಲೆ ಏರಿ ಕೊಲ್ಲಿ ರಾಷ್ಟ್ರಗಳಲ್ಲಿ ರಸ್ತೆ, ಬಂದರು, ಕಟ್ಟಡಗಳ ಕೆಲಸ ಭರದಿಂದ ಸಾಗಿತ್ತು. ಇಲ್ಲಿಯ ಕೈಗಳನ್ನು ಅಲ್ಲಿಗೆ ಕಳುಹಿಸಿದರೆ ಎರಡೂ ಕೊರತೆ ನೀಗುತ್ತದೆ ಎಂಬುದು ಲೆಕ್ಕಾಚಾರ. ಭೂಮಿಯ ಮೇಲಿನ ಕೆಲಸಕ್ಕೊಂದು, ಹಡಗಿನ ಕೆಲಸಕ್ಕೊಂದು ಸರ್ಕಾರಿ ಮಂಡಳಿ ಹುಟ್ಟಿಕೊಂಡವು. 1982ರಲ್ಲಿ ಇವು ಒಂದಾಗಿ ವಿದೇಶಿ ಉದ್ಯೋಗ ಆಡಳಿತ ಕಚೇರಿಯಾಯಿತು. ಅಂದರೆ ಸರ್ಕಾರ ತಾನೇ ಏಜೆಂಟನಂತೆ ನಿಂತು ತನ್ನ ಪ್ರಜೆಗಳಿಗೆ ಹೊರಗೆ ಕೆಲಸ ಹುಡುಕಿತು.

ಅದೇ ವರ್ಷ ಇನ್ನೊಂದು ಆಜ್ಞೆ ಹೊರಟಿತು. ಹಡಗಿನ ನೌಕರರು ಸಂಬಳದ ಶೇ. 80ರಷ್ಟನ್ನು, ಮನೆಗೆಲಸದವರು ಶೇ. 50ರಷ್ಟನ್ನು ಬ್ಯಾಂಕಿನ ಮೂಲಕ ಊರಿಗೆ ಕಳುಹಿಸಲೇಬೇಕು. ತಪ್ಪಿದರೆ ಪಾಸ್‌ಪೋರ್ಟ್ ನವೀಕರಣವಿಲ್ಲ! ಹಾಂಗ್‌ಕಾಂಗ್‌ನಲ್ಲಿದ್ದ ಮನೆಗೆಲಸದ ಹೆಂಗಸರು ಸಂಘಟಿತರಾಗಿ ಇದನ್ನು ವಿರೋಧಿಸಿದರು. 1985ರಲ್ಲಿ ದಂಡನೆಯ ಭಾಗವನ್ನು ಸರ್ಕಾರ ಕೈಬಿಟ್ಟಿತು. ಮೂರು ವರ್ಷಗಳ ನಂತರ, 1988ರಲ್ಲಿ, ಅಧ್ಯಕ್ಷೆ ಕೊರಜೋನ್ ಅಕಿನೊ ಇದೇ ಹಾಂಗ್‌ಕಾಂಗ್‌ನಲ್ಲಿ ಈ ಹೆಂಗಸರನ್ನು 'ನಾಡಿನ ಹೊಸ ವೀರರು' ಎಂದು ಕರೆದರು. ವೀರರೆಂದು ಹೊಗಳಿದ ಮೇಲೆ ಅವರಿಗೆ ಕಷ್ಟ ಬಂದಾಗ ಕೈಕಟ್ಟಿ ಕೂರಲಾದೀತೆ? 1995ರಲ್ಲಿ ಜನ ಕೇಳಿದ್ದು ಇದನ್ನೇ.

ಹಾಗಾದರೆ ಈ ರಕ್ಷಣೆಯ ವ್ಯವಸ್ಥೆ ನಡೆಯುವುದು ಹೇಗೆ? ಅದು ಆರಂಭವಾಗುವುದು ವಿಮಾನ ಹತ್ತುವ ಮೊದಲೇ. ಕೆಲಸಕ್ಕೆ ಕರೆಸಿಕೊಳ್ಳುವ ಏಜೆನ್ಸಿಗೆ ಪರವಾನಗಿ ಇರಬೇಕು. ಆಯಾ ದೇಶದ ಫಿಲಿಪ್ಪೀನ್ಸ್ ರಾಯಭಾರ ಕಚೇರಿಯಲ್ಲಿರುವ ಕಾರ್ಮಿಕ ಅಧಿಕಾರಿ ಕೆಲಸದ ಒಪ್ಪಂದವನ್ನು ಪರಿಶೀಲಿಸಬೇಕು. ಹೊರಡುವವರು ತಿಳಿವಳಿಕೆ ಶಿಬಿರಕ್ಕೆ ಹಾಜರಾಗಬೇಕು. ಆ ದೇಶದ ರೀತಿನೀತಿ ಏನು, ತೊಂದರೆಯಾದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಅಲ್ಲಿ ಹೇಳಿಕೊಡುತ್ತಾರೆ. ಇದೆಲ್ಲ ಮುಗಿದರೆ ಒಂದು ಪ್ರಮಾಣಪತ್ರ. ಅದಿಲ್ಲದ ಕಾರ್ಮಿಕರನ್ನು ಮನಿಲಾ ವಿಮಾನ ನಿಲ್ದಾಣದಲ್ಲಿ ಮುಂದೆ ಬಿಡುವುದಿಲ್ಲ.

ಇದರ ಜೊತೆಗೆ ಕ್ಷೇಮನಿಧಿಯ ಸದಸ್ಯತ್ವ. 1977ರಲ್ಲಿ ಆರಂಭವಾದ ಈ ನಿಧಿಗೆ ಒಂದು ಒಪ್ಪಂದದ ಅವಧಿಗೆ 25 ಡಾಲರ್ ವಂತಿಗೆ. ಸತ್ತರೆ ಅಥವಾ ಅಂಗವಿಕಲರಾದರೆ ಪರಿಹಾರ, ಯುದ್ಧವೋ ರೋಗವೋ ಬಂದರೆ ಊರಿಗೆ ಮರಳುವ ವ್ಯವಸ್ಥೆ, ಮಕ್ಕಳ ಓದಿಗೆ ವಿದ್ಯಾರ್ಥಿವೇತನ, ಹಿಂದಿರುಗಿದವರು ಸಣ್ಣ ಉದ್ಯೋಗ ಹೂಡಲು ನೆರವು, ಎಲ್ಲವೂ ಈ ನಿಧಿಯಿಂದ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಇದು ಬೊಕ್ಕಸದ ದಾನವಲ್ಲ; ಕಾರ್ಮಿಕರ ಹೆಸರಿನಲ್ಲಿ ಕಟ್ಟಿದ ಹಣವೇ ಕಾರ್ಮಿಕರ ಕಷ್ಟಕ್ಕೆ ಒದಗುವುದು. ಆದ್ದರಿಂದಲೇ ಅಲ್ಲಿಯವರು ನಿಧಿಯ ಲೆಕ್ಕವನ್ನು ಹಕ್ಕಿನಿಂದ ಕೇಳುತ್ತಾರೆ.

1995ರ ಕಾಯಿದೆ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಮಂದಿ ದುಡಿಯುವ ದೇಶಗಳಲ್ಲಿ ಹಗಲಿರುಳೂ ತೆರೆದಿರುವ ನೆರವು ಕೇಂದ್ರ, ಮೊಕದ್ದಮೆಗೆ ವಕೀಲರನ್ನು ಇಡಲು ಪ್ರತ್ಯೇಕ ನಿಧಿ ಬಂದವು. ವಿದೇಶದ ಧಣಿ ಸಂಬಳ ಮುಳುಗಿಸಿದರೆ ಇಲ್ಲಿಯ ಏಜೆನ್ಸಿಯೂ ಅಷ್ಟೇ ಹೊಣೆ ಎಂದು ಕಾನೂನಿನಲ್ಲೇ ಬರೆಯಲಾಯಿತು. ಮರಳುಗಾಡಿನಾಚೆಯ ಧಣಿಯ ಬೆನ್ನುಹತ್ತಿ ಹೋಗಲಾರದ ಬಡವರು ಮನಿಲಾದ ಏಜೆನ್ಸಿಯ ಬಾಗಿಲಿಗಾದರೂ ಹೋಗಬಹುದಲ್ಲ!

ಒಂದು ಸರ್ಕಾರ ಈ ಹೊಣೆಯನ್ನು ಎಲ್ಲಿಯವರೆಗೆ ಹೊರಬೇಕಾಗುತ್ತದೆ ಎಂಬುದಕ್ಕೆ 2004ರ ಘಟನೆ ಸಾಕ್ಷಿ. ಇರಾಕಿನಲ್ಲಿ ಆಂಜೆಲೊ ಡೆ ಲಾ ಕ್ರೂಜ್ ಎಂಬ ಲಾರಿ ಚಾಲಕನನ್ನು ಉಗ್ರಗಾಮಿಗಳು ಒತ್ತೆಯಿಟ್ಟುಕೊಂಡರು. ಅಮೆರಿಕದ ಅಸಮಾಧಾನವನ್ನೂ ಲೆಕ್ಕಿಸದೆ ಫಿಲಿಪ್ಪೀನ್ಸ್ ಅಲ್ಲಿದ್ದ ತನ್ನ ಸಣ್ಣ ಸೇನಾ ತುಕಡಿಯನ್ನು ಅವಧಿಗೆ ಮುನ್ನವೇ ಹಿಂದಕ್ಕೆ ಕರೆಸಿಕೊಂಡಿತು. ಚಾಲಕ ಜೀವಂತ ಮನೆಗೆ ಬಂದ. ಒಬ್ಬ ಚಾಲಕನ ಪ್ರಾಣಕ್ಕಾಗಿ ವಿದೇಶಾಂಗ ನೀತಿಯೇ ಬಾಗಿತು. ಮೇರಿ ಜೇನ್ ವೆಲೋಸೊ ಅವರದು ಇನ್ನೂ ದೀರ್ಘ ಕಥೆ. 2010ರಲ್ಲಿ ಇಂಡೊನೇಷ್ಯಾದ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಯೊಳಗಿನ ಹೆರಾಯಿನ್ ಸಮೇತ ಸಿಕ್ಕಿಬಿದ್ದು ಮರಣದಂಡನೆಗೆ ಗುರಿಯಾದವರು ಈಕೆ. ಕೆಲಸದ ಆಸೆ ತೋರಿಸಿ ತಮ್ಮನ್ನು ಮೋಸಗೊಳಿಸಿದರು ಎಂಬುದು ಅವರ ವಾದ. 2015ರಲ್ಲಿ ಅವರನ್ನು ಕಳುಹಿಸಿದ್ದ ಹೆಂಗಸು ಫಿಲಿಪ್ಪೀನ್ಸ್‌ನಲ್ಲಿ ಪೊಲೀಸರಿಗೆ ಶರಣಾದಾಗ ಕಡೆಯ ಗಳಿಗೆಯಲ್ಲಿ ಶಿಕ್ಷೆ ನಿಂತಿತು. 2024ರ ಡಿಸೆಂಬರ್‌ನಲ್ಲಿ, ಎರಡು ಸರ್ಕಾರಗಳ ಮಾತುಕತೆಯ ಫಲವಾಗಿ, ಕೈದಿಯಾಗಿಯೇ ಆದರೂ ತಾಯ್ನಾಡಿಗೆ ಮರಳಿದರು.

ಹಾಗೆಂದು ಎಲ್ಲವೂ ಸರಿಹೋಯಿತೆಂದಲ್ಲ. ಒಂದು ದೇಶದ ಕಾನೂನು ಅದರ ಗಡಿಯಲ್ಲಿಯೇ ನಿಲ್ಲುತ್ತದೆ. ಮನೆಗೆಲಸದವರಿಗೆ ತಿಂಗಳಿಗೆ ಕನಿಷ್ಠ 400 ಡಾಲರ್ ಸಂಬಳವಿರಬೇಕು, ಅವರಿಂದ ಏಜೆನ್ಸಿ ಶುಲ್ಕ ವಸೂಲು ಮಾಡಬಾರದು ಎಂದು ಫಿಲಿಪ್ಪೀನ್ಸ್ 2006ರಲ್ಲಿ ನಿಯಮ ಮಾಡಿತು. ಅತ್ತ ಇಳಿದ ಮೇಲೆ ಕಡಿಮೆ ಸಂಬಳದ ಬೇರೊಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವ ಧಣಿಗಳಿಗೆ ಕೊರತೆಯಿರಲಿಲ್ಲ. ಕೊಲ್ಲಿ ರಾಷ್ಟ್ರಗಳ ಕಫಾಲಾ ಪದ್ಧತಿಯಲ್ಲಿ ಕೆಲಸದವರ ವೀಸಾ ಧಣಿಯ ಕೈಯಲ್ಲಿ. ನಾಲ್ಕು ಗೋಡೆಗಳ ನಡುವೆ ನಡೆಯುವುದನ್ನು ಯಾವ ಅಧಿಕಾರಿ ಹೋಗಿ ನೋಡಬಲ್ಲ? 2018ರ ಫೆಬ್ರುವರಿಯಲ್ಲಿ ಕುವೈತ್‌ನ ಪಾಳುಬಿದ್ದ ಫ್ಲಾಟೊಂದರ ಫ್ರೀಜರ್‌ನಲ್ಲಿ ಫಿಲಿಪಿನೊ ಮನೆಗೆಲಸದಾಕೆಯ ಶವ ಸಿಕ್ಕಿತು. ಮನಿಲಾ ಸರ್ಕಾರ ಅಲ್ಲಿಗೆ ಕೆಲಸಗಾರರನ್ನು ಕಳುಹಿಸುವುದನ್ನು ನಿಲ್ಲಿಸಿತು. ಮೇ ತಿಂಗಳಲ್ಲಿ ಒಪ್ಪಂದವಾಯಿತು: ಧಣಿ ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವಂತಿಲ್ಲ, ಮೊಬೈಲ್ ಫೋನ್ ಬಳಸಲು ಅಡ್ಡಿಮಾಡುವಂತಿಲ್ಲ. ಆದರೂ 2023ರ ಜನವರಿಯಲ್ಲಿ ಅದೇ ಕುವೈತ್‌ನಲ್ಲಿ ಮತ್ತೊಬ್ಬ ಮನೆಗೆಲಸದಾಕೆ ಕೊಲೆಯಾದಳು.

2021ರ ಕೊನೆಯಲ್ಲಿ ಚದುರಿಹೋಗಿದ್ದ ಕಚೇರಿಗಳನ್ನೆಲ್ಲ ಒಂದೇ ಸೂರಿನಡಿ ತಂದು ವಲಸೆ ಕಾರ್ಮಿಕರಿಗೇ ಪ್ರತ್ಯೇಕ ಸಚಿವ ಖಾತೆ ರಚಿಸುವ ಕಾಯಿದೆ ಬಂತು. ಇದನ್ನು ಮೆಚ್ಚುವವರಿರುವಂತೆ, ಕಳುಹಿಸುವ ದಂಧೆ ಇನ್ನು ಶಾಶ್ವತವಾಯಿತು ಎಂದು ಶಂಕಿಸುವವರೂ ಇದ್ದಾರೆ. ಶಂಕೆಗೆ ಕಾರಣವಿದೆ. ಆರ್ಥಿಕ ಬೆಳವಣಿಗೆಗಾಗಿ ಸರ್ಕಾರ ವಿದೇಶಿ ಉದ್ಯೋಗವನ್ನು ಪ್ರೋತ್ಸಾಹಿಸುವುದಿಲ್ಲ ಎಂದು 1995ರ ಕಾಯಿದೆಯೇ ಸಾರುತ್ತದೆ. ಆದರೆ 2023ರಲ್ಲಿ ಹೊರಗಿನಿಂದ ಬ್ಯಾಂಕುಗಳ ಮೂಲಕ ಬಂದ ಹಣ 3,300 ಕೋಟಿ ಡಾಲರಿಗೂ ಮೀರಿತ್ತು. ದೇಶದ ಒಟ್ಟು ಉತ್ಪನ್ನದ ನೂರಕ್ಕೆ ಎಂಟೊಂಬತ್ತು ಪಾಲಿನಷ್ಟು ಹಣ ತರುವವರನ್ನು 'ಹೋಗಬೇಡಿ' ಎನ್ನುವುದು ಯಾವ ಸರ್ಕಾರಕ್ಕೂ ಸುಲಭವಲ್ಲ.

ಮಂಗಳೂರು, ಉಡುಪಿ, ಭಟ್ಕಳಗಳ ಮನೆಗಳಿಗೆ ಗಲ್ಫ್ ಹೊಸದಲ್ಲ. ದುಬೈ, ಕುವೈತ್‌ಗಳಲ್ಲಿ ನಮ್ಮವರೂ ಫಿಲಿಪಿನೊಗಳೂ ಒಂದೇ ಆಸ್ಪತ್ರೆಯಲ್ಲಿ, ಒಂದೇ ಅಂಗಡಿಯಲ್ಲಿ ದುಡಿಯುತ್ತಾರೆ. ಭಾರತವೂ 1983ರಲ್ಲಿ ವಲಸೆ ಕಾಯಿದೆ ತಂದಿತು. 2009ರಲ್ಲಿ ರಾಯಭಾರ ಕಚೇರಿಗಳಲ್ಲಿ ಸಮುದಾಯ ಕ್ಷೇಮನಿಧಿ ತೆರೆಯಿತು. ಆದರೆ ಪರದೇಶದಲ್ಲಿ ದುಡಿಯುವವರ ಪ್ರಶ್ನೆ ಇಲ್ಲಿ ಬಹುಮಟ್ಟಿಗೆ ಆಯಾ ಮನೆಯವರ ಚಿಂತೆಯಾಗಿ ಉಳಿದಿದೆ. ಫಿಲಿಪ್ಪೀನ್ಸ್‌ನಲ್ಲಿ ಅದು ಸಚಿವರ ಕುರ್ಚಿಯನ್ನು ಅಲುಗಿಸಬಲ್ಲದು. ಅಲ್ಲಿ ಕಾಯಿದೆಗೆ ಸಹಿ ಬಿದ್ದ ಜೂನ್ 7ನ್ನು ಈಗ ವಲಸೆ ಕಾರ್ಮಿಕರ ದಿನವಾಗಿ ಆಚರಿಸುತ್ತಾರೆ. ಆ ಕಾಯಿದೆ ಯಾವ ಸರ್ಕಾರವೂ ತಾನಾಗಿ ಕೊಟ್ಟ ಉಡುಗೊರೆಯಲ್ಲ. ಕಳುಹಿಸಿದವರೇ ಕಾಯಬೇಕು ಎಂದು ಪಟ್ಟುಹಿಡಿದ ಜನ ಕೇಳಿ ಪಡೆದದ್ದು.