ವಿಮಾನ ಇಳಿದ ಮಾತ್ರಕ್ಕೆ ನೆರವು ತಲುಪಿದಂತೆಯೇ?

2015ರ ಏಪ್ರಿಲ್ 25, ಶನಿವಾರ. ನೇಪಾಳದಲ್ಲಿ ವಾರದ ರಜೆ ಶನಿವಾರವೇ. ಮಧ್ಯಾಹ್ನ 12 ಗಂಟೆಗೆ ಇನ್ನು ನಾಲ್ಕು ನಿಮಿಷವಿದ್ದಾಗ ಗೋರ್ಖಾ ಜಿಲ್ಲೆಯ ಬಾರ್ಪಾಕ್ ಸುತ್ತಮುತ್ತ ಭೂಮಿ ನಡುಗಿತು. ತೀವ್ರತೆ 7.8. ಸುಮಾರು 9 ಸಾವಿರ ಜನ ಸತ್ತರು, ಐದು ಲಕ್ಷದಷ್ಟು ಮನೆಗಳು ನೆಲಕ್ಕೊರಗಿದವು. ಸಾವಿರಾರು ಶಾಲಾ ಕೊಠಡಿಗಳೂ ಕುಸಿದವು. ರಜೆ ಇದ್ದುದರಿಂದ ಒಳಗೆ ಮಕ್ಕಳಿರಲಿಲ್ಲ.

ಭಾರತದ ವಾಯುಪಡೆಯ ವಿಮಾನ ಅದೇ ದಿನ ಕಾಠ್ಮಂಡುವಿಗೆ ಹೋಯಿತು. ‘ಆಪರೇಷನ್ ಮೈತ್ರಿ’ ಶುರುವಾಯಿತು. ಬೆನ್ನಿಗೇ ಚೀನಾ, ಅಮೆರಿಕ, ಬ್ರಿಟನ್, ಜಪಾನ್ ಎಲ್ಲವೂ ಬಂದವು. ಟೀವಿ ನೋಡುತ್ತಿದ್ದವರಿಗೆ ಜಗತ್ತೇ ಓಡಿಬಂದಂತೆ ಕಂಡಿತು. ಓಡಿಬಂದದ್ದು ಸುಳ್ಳಲ್ಲ. ಆದರೆ ಇಂಥ ದೃಶ್ಯಗಳನ್ನು ನೋಡಿ ನೋಡಿ ನೆರವಿನ ಬಗ್ಗೆ ಜನರಲ್ಲಿ ಬೇರೂರಿರುವ ನಂಬಿಕೆಗಳಲ್ಲಿ ಹಲವು ಲೆಕ್ಕಪತ್ರದ ಮುಂದೆ ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಅವಶೇಷದಡಿ ಸಿಕ್ಕಿಬಿದ್ದವರನ್ನು ಉಳಿಸುವುದು ಹೊರದೇಶದ ರಕ್ಷಣಾ ತಂಡಗಳು

ಸತ್ಯ: ನೇಪಾಳಕ್ಕೆ 70ಕ್ಕೂ ಹೆಚ್ಚು ವಿದೇಶಿ ಶೋಧ ತಂಡಗಳು ಬಂದಿದ್ದವು. ಎರಡು ಸಾವಿರಕ್ಕೂ ಹೆಚ್ಚು ಸಿಬ್ಬಂದಿ, ವಾಸನೆ ಹಿಡಿಯುವ ನಾಯಿಗಳು, ಕಾಂಕ್ರೀಟ್ ಕೊರೆಯುವ ಯಂತ್ರಗಳು. ಇವರೆಲ್ಲ ಸೇರಿ ಜೀವಂತವಾಗಿ ಹೊರತೆಗೆದದ್ದು 16 ಮಂದಿಯನ್ನು. ಆ 16ರಲ್ಲಿ 11 ಮಂದಿಯನ್ನು ಉಳಿಸಿದ್ದು ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ (ಎನ್‌ಡಿಆರ್‌ಎಫ್). ನಮ್ಮವರು ಬೇರೆಯವರಿಗಿಂತ ನಿಪುಣರೆಂದು ಇದರಿಂದ ಬೀಗಬೇಕಿಲ್ಲ. ಅವರು ಪಕ್ಕದ ಮನೆಯವರು, ಮೊದಲು ತಲುಪಿದರು, ಅಷ್ಟೇ.

ಕಟ್ಟಡದಡಿ ಸಿಕ್ಕಿಕೊಂಡವರು ಬದುಕುವ ಸಾಧ್ಯತೆ ಮೊದಲ 24 ಗಂಟೆಗಳಲ್ಲೇ ಹೆಚ್ಚು. ಆಮೇಲೆ ಅದು ಗಂಟೆಗಂಟೆಗೂ ಇಳಿಯುತ್ತದೆ. ಯೂರೋಪಿನಿಂದ ತಂಡ ಹೊರಡಬೇಕೆಂದರೆ ಅನುಮತಿ, ವಿಮಾನ, ಸಲಕರಣೆ ಎಲ್ಲ ಹೊಂದಿಸುವಷ್ಟರಲ್ಲಿ ಆ ಅವಧಿ ಮುಗಿದಿರುತ್ತದೆ. ನೇಪಾಳದಲ್ಲಿ ಗಾಯಗೊಂಡವರು 22 ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುತೇಕರನ್ನು ಇಟ್ಟಿಗೆ, ತೊಲೆ ಸರಿಸಿ ಎಳೆದು ಹೊರತಂದದ್ದು ಮನೆಯವರು, ಅಕ್ಕಪಕ್ಕದವರು, ಅಲ್ಲಿನ ಪೊಲೀಸರು ಮತ್ತು ಸೈನಿಕರು.

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗಲೂ ಹೀಗೇ ಆಯಿತು. ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಬಂದರು. 669 ದೋಣಿಗಳು, ಸುಮಾರು ನಾಲ್ಕೂವರೆ ಸಾವಿರ ಮೀನುಗಾರರು. ಅವರು ದಡ ಸೇರಿಸಿದವರ ಸಂಖ್ಯೆ 65 ಸಾವಿರ.

ತಪ್ಪು ಕಲ್ಪನೆ: ಏನು ಕಳಿಸಿದರೂ ಉಪಯೋಗಕ್ಕೆ ಬರುತ್ತದೆ, ಏನೂ ಇಲ್ಲದ್ದಕ್ಕಿಂತ ವಾಸಿ

ಸತ್ಯ: ಬೇಡದ ಸಾಮಾನು ಬೇಕಾದ ಸಾಮಾನಿನ ದಾರಿಗೆ ಅಡ್ಡ ನಿಲ್ಲುತ್ತದೆ. ಕಾಠ್ಮಂಡುವಿನ ತ್ರಿಭುವನ್ ವಿಮಾನ ನಿಲ್ದಾಣಕ್ಕಿದ್ದದ್ದು ಒಂದೇ ಒಂದು ರನ್‌ವೇ. ಭಾರೀ ವಿಮಾನಗಳ ಹೊಡೆತಕ್ಕೆ ಅದು ಬಿರುಕು ಬಿಡತೊಡಗಿದಾಗ, ಮೇ 3ರಂದು ದೊಡ್ಡ ವಿಮಾನಗಳು ಇಳಿಯದಂತೆ ಆಡಳಿತ ನಿರ್ಬಂಧ ಹಾಕಬೇಕಾಯಿತು. ಇಳಿದ ಸಾಮಾನು ಕಸ್ಟಮ್ಸ್ ತಪಾಸಣೆಯಲ್ಲಿ ಸಿಕ್ಕಿಕೊಂಡಿದೆ ಎಂದು ವಿಶ್ವಸಂಸ್ಥೆಯ ಅಧಿಕಾರಿಗಳು ಬಹಿರಂಗವಾಗಿಯೇ ದೂರಿದರು. ಅಷ್ಟರಲ್ಲಿ ಬೆಟ್ಟದ ಮೇಲಿನ ಹಳ್ಳಿಗಳಲ್ಲಿ ಜನ ಟಾರ್ಪಾಲಿಗಾಗಿ ಕಾಯುತ್ತಿದ್ದರು.

ಔಷಧಿಯ ಕಥೆ ಇನ್ನೂ ಕೆಟ್ಟದ್ದು. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಅಚೇ ಪ್ರಾಂತ್ಯಕ್ಕೆ ಸುಮಾರು 4 ಸಾವಿರ ಟನ್ ಔಷಧಿ ಬಂದು ಬಿತ್ತು. ಫ್ರಾನ್ಸಿನ ಔಷಧ ತಜ್ಞರ ಸಂಸ್ಥೆಯೊಂದು ಅದನ್ನು ಪರಿಶೀಲಿಸಿತು. ನೂರಕ್ಕೆ 60ರಷ್ಟು ಔಷಧಿಗಳು ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲ. ನೂರಕ್ಕೆ 70ರಷ್ಟರ ಮೇಲಿನ ಚೀಟಿ ಅಲ್ಲಿನ ಸಿಬ್ಬಂದಿಗೆ ಓದಲು ಬಾರದ ಭಾಷೆಯಲ್ಲಿತ್ತು. ಕೊನೆಗೆ ನೂರಾರು ಟನ್ ಔಷಧಿಯನ್ನು ನಾಶ ಮಾಡಲು ಪ್ರತ್ಯೇಕ ಹಣ ಹೊಂದಿಸಬೇಕಾಯಿತು. ಅದೇ ಸುನಾಮಿಗೆ ತುತ್ತಾದ ತಮಿಳುನಾಡಿನ ನಾಗಪಟ್ಟಣದಲ್ಲಿ ಹಳೆ ಬಟ್ಟೆಯ ರಾಶಿಗಳು ರಸ್ತೆ ಬದಿಯಲ್ಲಿ ಮಳೆಗೆ ನೆನೆದು ಕೊಳೆತವು. ಬೆಸ್ತರ ಕುಟುಂಬಗಳು ಅವನ್ನು ಮುಟ್ಟಲಿಲ್ಲ. ಎಲ್ಲ ಕಳೆದುಕೊಂಡವರಿಗೂ ಮರ್ಯಾದೆ ಇರುತ್ತದೆ.

ಸಾಮಾನು ಕಳಿಸುವುದೇ ತಪ್ಪು ಎಂದಲ್ಲ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಉತ್ತರ ಕರ್ನಾಟಕದ ಊರುಗಳಿಂದ ಜೋಳದ ರೊಟ್ಟಿ ಹೊರಟಿತು. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಬೇಡ, ಒಂದು ಚಟ್ನಿಪುಡಿ ಪೊಟ್ಟಣವಿದ್ದರೆ ಊಟವಾಯಿತು. ಹತ್ತಿರದಿಂದ ಬಂದದ್ದು, ತಿನ್ನಲು ಬರುವಂಥದ್ದು, ಹಾಳಾಗದ್ದು: ಈ ಮೂರೂ ಕೂಡಿದ ಸಾಮಾನಿಗೆ ಎಲ್ಲಿಯೂ ಬೆಲೆಯಿದೆ.

ತಪ್ಪು ಕಲ್ಪನೆ: ಹೆಣಗಳನ್ನು ಕೂಡಲೇ ಹೂಳದಿದ್ದರೆ ಸಾಂಕ್ರಾಮಿಕ ರೋಗ ಹಬ್ಬುತ್ತದೆ

ಸತ್ಯ: ಭೂಕಂಪ, ಪ್ರವಾಹಗಳಲ್ಲಿ ಸತ್ತವರು ಗಾಯದಿಂದಲೋ ನೀರಿನಲ್ಲಿ ಮುಳುಗಿಯೋ ಸತ್ತಿರುತ್ತಾರೆ, ರೋಗದಿಂದಲ್ಲ. ಇಲ್ಲದ ರೋಗವನ್ನು ಶವ ಹರಡಲಾರದು. ಶವ ಎತ್ತುವವರು ಕೈಗವಸು ಹಾಕಿಕೊಳ್ಳಬೇಕು, ಕುಡಿಯುವ ನೀರಿನ ಮೂಲದಿಂದ ಶವಗಳನ್ನು ದೂರವಿಡಬೇಕು, ಅಷ್ಟು ಸಾಕು. ಕಾಲರಾ, ಎಬೋಲಾದಂಥ ರೋಗದಿಂದಲೇ ಸತ್ತವರ ವಿಷಯ ಮಾತ್ರ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ದಶಕಗಳಿಂದ ಹೇಳುತ್ತಲೇ ಬಂದಿದೆ.

2010ರ ಜನವರಿ 12ರ ಭೂಕಂಪದ ನಂತರ ಹೈಟಿಯಲ್ಲಿ ಸಾವಿರಾರು ಶವಗಳನ್ನು ಟ್ರಕ್ಕುಗಳಲ್ಲಿ ತುಂಬಿ, ರಾಜಧಾನಿಯ ಹೊರಗಿನ ತಿತಾನ್ಯೆನ್‌ನಲ್ಲಿ ಗುರುತು ಹಚ್ಚದೆಯೇ ಹೂಳಲಾಯಿತು. ಗುರುತಿಲ್ಲದ ಮೇಲೆ ಮರಣಪತ್ರವಿಲ್ಲ. ಮರಣಪತ್ರವಿಲ್ಲದೆ ಆಸ್ತಿ, ಪಿಂಚಣಿ, ಪರಿಹಾರ ಯಾವುದೂ ಸುಲಭವಲ್ಲ. ಇಷ್ಟೆಲ್ಲ ಆತುರ ಪಟ್ಟರೂ ಆ ದೇಶಕ್ಕೆ ರೋಗ ಬಂದೇ ಬಂತು, ಆದರೆ ಶವಗಳಿಂದಲ್ಲ. ಒಂಬತ್ತು ತಿಂಗಳ ನಂತರ, ರಾಜಧಾನಿಯಿಂದ ದೂರದ ಆರ್ತಿಬೊನೀತ್ ನದಿ ಪ್ರದೇಶದಲ್ಲಿ ಕಾಲರಾ ಕಾಣಿಸಿಕೊಂಡಿತು. ನದಿಯ ಮೇಲ್ಭಾಗದಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಾಲನಾ ಶಿಬಿರದ ಮಲ ಸರಿಯಾಗಿ ವಿಲೇವಾರಿಯಾಗದೆ ನೀರಿಗೆ ಸೇರಿತ್ತು. ಸುಮಾರು 10 ಸಾವಿರ ಜನ ಸತ್ತರು. 2016ರ ಡಿಸೆಂಬರ್‌ನಲ್ಲಿ ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿಯ ಜನರ ಕ್ಷಮೆ ಕೇಳಿದರು.

ತಪ್ಪು ಕಲ್ಪನೆ: ಘೋಷಿಸಿದ ಕೋಟಿಗಳೆಲ್ಲ ಸಂತ್ರಸ್ತ ದೇಶದ ಖಜಾನೆಗೆ ಹೋಗುತ್ತವೆ, ಅಲ್ಲಿನ ಸರ್ಕಾರ ನುಂಗುತ್ತದೆ

ಸತ್ಯ: ನುಂಗಲಿಕ್ಕೂ ಮೊದಲು ಕೈಗೆ ಬರಬೇಕಲ್ಲ! ಹೈಟಿಗೆ ಹರಿದ ತುರ್ತು ನೆರವಿನ ಲೆಕ್ಕವನ್ನು ವಿಶ್ವಸಂಸ್ಥೆಯ ವಿಶೇಷ ರಾಯಭಾರಿ ಬಿಲ್ ಕ್ಲಿಂಟನ್ ಅವರ ಕಚೇರಿ ತೆಗೆದಾಗ, ಹೈಟಿ ಸರ್ಕಾರಕ್ಕೆ ಸಿಕ್ಕಿದ್ದು ನೂರಕ್ಕೆ ಒಂದು ಪಾಲು ಎಂದು ತಿಳಿಯಿತು. ಮೂರನೇ ಒಂದು ಭಾಗದಷ್ಟು ಹಣ ದಾನಿ ದೇಶಗಳ ಸ್ವಂತ ಸೇನೆ ಮತ್ತು ಇಲಾಖೆಗಳ ಖರ್ಚಿಗೇ ಮರಳಿತ್ತು. ಉಳಿದದ್ದರಲ್ಲಿ ಹೆಚ್ಚಿನದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಗುತ್ತಿಗೆದಾರರ ಮೂಲಕ ಹೋಯಿತು. ಭ್ರಷ್ಟಾಚಾರದ ಭಯ ಸಕಾರಣವೇ ಇರಬಹುದು. ಆದರೆ ಸರ್ಕಾರವನ್ನು ಬದಿಗಿಟ್ಟು ನಡೆಸಿದ ಕೆಲಸಕ್ಕೆ, ದಾನಿಗಳು ಗಂಟುಮೂಟೆ ಕಟ್ಟಿದ ಮೇಲೆ ವಾರಸುದಾರರಿರುವುದಿಲ್ಲ.

ಇನ್ನು ಘೋಷಣೆಯ ಮೊತ್ತ. 2015ರ ಜೂನ್ 25ರಂದು ಕಾಠ್ಮಂಡುವಿನಲ್ಲಿ ನಡೆದ ದಾನಿಗಳ ಸಮ್ಮೇಳನದಲ್ಲಿ 4 ಶತಕೋಟಿ ಡಾಲರಿಗೂ ಹೆಚ್ಚಿನ ವಾಗ್ದಾನ ಬಂತು. ಭಾರತದ್ದೇ 1 ಶತಕೋಟಿ. ಅದರಲ್ಲಿ ಕಾಲುಭಾಗ ಅನುದಾನ, ಮುಕ್ಕಾಲು ಭಾಗ ಸಾಲ. ಪತ್ರಿಕೆಯ ತಲೆಬರಹದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ.

ಹಣದ ಮಾತಾದರೂ ಕೆಲಸ ಶುರುವಾಗಲಿಲ್ಲ. ಪುನರ್ನಿರ್ಮಾಣ ಪ್ರಾಧಿಕಾರ ರಚಿಸಿದ ಸುಗ್ರೀವಾಜ್ಞೆಯ ಅವಧಿ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂತು, ದಕ್ಷಿಣದ ಬಯಲಿನಲ್ಲಿ ಪ್ರತಿಭಟನೆ ಎದ್ದಿತು, ಭಾರತದ ಗಡಿಯಲ್ಲಿ ಸರಕು ಸಾಗಣೆ ತಿಂಗಳುಗಟ್ಟಲೆ ನಿಂತುಹೋಯಿತು. ಪ್ರಾಧಿಕಾರದ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿದ್ದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದು ಚಳಿಗಾಲ ಬಂದಿತ್ತು.

ಮನೆಗೆಂದು ನಿಗದಿಯಾದ ಮೊತ್ತ ಕೊನೆಗೆ 3 ಲಕ್ಷ ನೇಪಾಳಿ ರೂಪಾಯಿ, ಮೂರು ಕಂತಿನಲ್ಲಿ. ಒಪ್ಪಂದಕ್ಕೆ ಸಹಿ ಹಾಕಿದರೆ 50 ಸಾವಿರ. ತಳಪಾಯ ಎದ್ದ ಮೇಲೆ ಎಂಜಿನಿಯರ್ ಬಂದು ನೋಡಿ, ಭೂಕಂಪ ತಡೆಯುವ ನಿಯಮದಂತೆ ಕಟ್ಟಿದ್ದಾರೆಂದು ಒಪ್ಪಿದರೆ ಒಂದೂವರೆ ಲಕ್ಷ. ಗೋಡೆ ಎದ್ದು ಚಾವಣಿಯ ಹಂತಕ್ಕೆ ಬಂದರೆ ಉಳಿದ ಒಂದು ಲಕ್ಷ. ಇದಕ್ಕೆಲ್ಲ ಮೊದಲು ‘ಲಾಲ್‌ಪುರ್ಜಾ’, ಅಂದರೆ ಜಮೀನಿನ ಹಕ್ಕುಪತ್ರ ತೋರಿಸಬೇಕು. ತಲೆಮಾರುಗಳಿಂದ ಅದೇ ನೆಲದಲ್ಲಿದ್ದೂ ಕಾಗದ ಇಲ್ಲದವರು ಸಾಲಿನ ಕೊನೆಗೆ ಹೋದರು. ಎಂಜಿನಿಯರ್ ಬೆಟ್ಟ ಹತ್ತಿ ಬರುವ ದಿನಕ್ಕಾಗಿ ಹಳ್ಳಿಯವರು ಕಾದರು. ಜಗತ್ತಿನ ಶತಕೋಟಿಗಳು ಹರಿದು ಬರಬೇಕಿದ್ದ ದಾರಿ ಇಷ್ಟು ಸಣ್ಣದಾಗಿತ್ತು.

ತಪ್ಪು ಕಲ್ಪನೆ: ನೆರವು ಬೇಕಾಗುವುದು ಬಡ ದೇಶಗಳಿಗೆ, ಶ್ರೀಮಂತ ದೇಶಗಳು ತಾವೇ ನಿಭಾಯಿಸುತ್ತವೆ

ಸತ್ಯ: 2005ರಲ್ಲಿ ಕತ್ರೀನಾ ಚಂಡಮಾರುತ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದಾಗ ಅಮೆರಿಕಕ್ಕೆ ನೆರವು ನೀಡಲು ಬಂದವರಲ್ಲಿ ಬಾಂಗ್ಲಾದೇಶವೂ ಇತ್ತು, ಭಾರತವೂ ಇತ್ತು. ಭಾರತ 50 ಲಕ್ಷ ಡಾಲರ್ ಕೊಟ್ಟಿತು. ಸಾಮಗ್ರಿ ತುಂಬಿದ ವಾಯುಪಡೆಯ ವಿಮಾನವನ್ನೂ ಕಳಿಸಿತು. ಹಲವು ದೇಶಗಳಿಂದ ಬಂದ ಒಟ್ಟು ಪ್ರಸ್ತಾವ 85 ಕೋಟಿ ಡಾಲರಿಗೂ ಹೆಚ್ಚು. ಎರಡು ವರ್ಷ ಕಳೆದರೂ ಅದರಲ್ಲಿ ಬಳಕೆಯಾದದ್ದು ಸುಮಾರು 4 ಕೋಟಿ ಮಾತ್ರ. ಪಡೆದುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ.

ತಪ್ಪು ಕಲ್ಪನೆ: ಭಾರತ ಹೊರದೇಶದ ನೆರವನ್ನು ಕಾನೂನಿನಲ್ಲೇ ನಿಷೇಧಿಸಿದೆ

ಸತ್ಯ: ಅಂಥ ನಿಷೇಧವಿಲ್ಲ, ಇರುವುದು ಒಂದು ನೀತಿ. 1993ರ ಲಾತೂರ್, 2001ರ ಗುಜರಾತ್ ಭೂಕಂಪಗಳಲ್ಲಿ ಭಾರತ ವಿದೇಶಿ ನೆರವನ್ನು ಪಡೆದಿತ್ತು. 2004ರ ಸುನಾಮಿಯ ಹೊತ್ತಿಗೆ ನಿಲುವು ಬದಲಾಯಿತು. ತನ್ನದೇ ಕರಾವಳಿ ಬಡಿತ ತಿಂದಿದ್ದಾಗಲೂ ಭಾರತ ನೆರವು ಬೇಡವೆಂದು ಶ್ರೀಲಂಕಾ, ಮಾಲ್ಡೀವ್ಸ್, ಇಂಡೊನೇಷ್ಯಾಗಳಿಗೆ ತನ್ನ ಹಡಗು ಕಳಿಸಿತು. ಆದರೆ 2016ರ ರಾಷ್ಟ್ರೀಯ ವಿಪತ್ತು ನಿರ್ವಹಣಾ ಯೋಜನೆ ಹೇಳುವುದು ಇಷ್ಟು: ಸರ್ಕಾರ ತಾನಾಗಿ ನೆರವು ಕೇಳುವುದಿಲ್ಲ, ಇನ್ನೊಂದು ದೇಶ ಸದ್ಭಾವನೆಯಿಂದ ಕೊಟ್ಟರೆ ಕೇಂದ್ರ ಒಪ್ಪಿಕೊಳ್ಳಬಹುದು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಆಮ್ಲಜನಕ ಸಾಧನಗಳನ್ನು ಹಲವು ದೇಶಗಳಿಂದ ಒಪ್ಪಿಕೊಂಡದ್ದೂ ಉಂಟು.

ಕೇರಳದ ‘700 ಕೋಟಿ’ ವಿವಾದವನ್ನೂ ಈ ಬೆಳಕಿನಲ್ಲೇ ನೋಡಬೇಕು. ಯುಎಇ ಅಷ್ಟು ಕೊಡಲಿದೆ ಎಂದು 2018ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. ಕೆಲವೇ ದಿನಗಳಲ್ಲಿ ಯುಎಇ ರಾಯಭಾರಿ, ಮೊತ್ತ ಇನ್ನೂ ನಿಗದಿಯಾಗಿಲ್ಲ ಎಂದರು. ಅನಿವಾಸಿ ಭಾರತೀಯರು ಮತ್ತು ಪ್ರತಿಷ್ಠಾನಗಳು ಪ್ರಧಾನಿ, ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಕೊಡಲು ಅಡ್ಡಿಯಿಲ್ಲ ಎಂದು ವಿದೇಶಾಂಗ ಸಚಿವಾಲಯ ಆಗಲೇ ಸ್ಪಷ್ಟಪಡಿಸಿತ್ತು.

ತಪ್ಪು ಕಲ್ಪನೆ: ‘ರಾಷ್ಟ್ರೀಯ ವಿಪತ್ತು’ ಎಂದು ಘೋಷಿಸಿದರೆ ಹಣ ತಾನಾಗಿ ಬರುತ್ತದೆ, ನಷ್ಟ ತುಂಬಿ ಕೊಡುತ್ತದೆ

ಸತ್ಯ: ಪ್ರತಿ ಮಳೆಗಾಲದಲ್ಲೂ ಕೇಳಿಬರುವ ಬೇಡಿಕೆ ಇದು. ವಿಪತ್ತು ನಿಧಿಗಳ ಮಾರ್ಗಸೂಚಿಯಲ್ಲಿ ಅಂಥ ಘೋಷಣೆಗೆ ಅವಕಾಶವೇ ಇಲ್ಲ. 2024ರ ಜುಲೈ 30ರ ವಯನಾಡ್ ಭೂಕುಸಿತದ ನಂತರ ಕೇಂದ್ರ ಗೃಹ ಇಲಾಖೆ ಇದನ್ನೇ ಬರೆದು ತಿಳಿಸಿತು. ತಿಂಗಳುಗಳ ನಂತರ ಅದನ್ನು ‘ಗಂಭೀರ ಸ್ವರೂಪದ ವಿಪತ್ತು’ ಎಂದು ಗುರುತಿಸಲಾಯಿತು. ಅದರಿಂದ ದೇಶದ ಯಾವ ಸಂಸದರೂ ತಮ್ಮ ನಿಧಿಯಿಂದ ಅಲ್ಲಿಗೆ ಹಣ ಕೊಡಲು ದಾರಿಯಾಯಿತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಕೇರಳಕ್ಕೆ ಒಪ್ಪಿದ 529.5 ಕೋಟಿ ರೂಪಾಯಿ ಅನುದಾನವಲ್ಲ, 50 ವರ್ಷದ ಬಡ್ಡಿರಹಿತ ಸಾಲ.

ಕರ್ನಾಟಕಕ್ಕೆ ಈ ಮಾರ್ಗಸೂಚಿಯ ಬಿಸಿ 2023ರ ಬರದಲ್ಲಿ ತಟ್ಟಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲ್‌ನಲ್ಲಿ ಬಂದದ್ದು 3,454 ಕೋಟಿ. ರಾಜಕೀಯ ಏನೇ ಇರಲಿ, ರೈತನ ಕೈಗೆ ಸಿಗುವ ಮೊತ್ತವನ್ನು ನಿರ್ಧರಿಸುವುದು ಮಾರ್ಗಸೂಚಿ. ಆಗ ಅದರಲ್ಲಿ ಇದ್ದದ್ದು ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎಂದರೆ ಎಕರೆಗೆ ಸುಮಾರು 3,400. ಅದೂ ನೂರಕ್ಕೆ 33ರಷ್ಟಾದರೂ ಬೆಳೆ ಹೋಗಿರಬೇಕಿತ್ತು, ಎರಡು ಹೆಕ್ಟೇರಿಗೆ ಮಿತಿ. ಬೀಜ, ಗೊಬ್ಬರ, ಆಳಿನ ಕೂಲಿ ಲೆಕ್ಕ ಹಾಕಿದರೆ ಇದು ನಷ್ಟ ತುಂಬುವ ಹಣವಲ್ಲ, ಮುಂದಿನ ಬಿತ್ತನೆಗೆ ಕೈಗಾಸು. ಆ ಕಾಸೂ ಬರಬೇಕೆಂದರೆ ಪಹಣಿಯಲ್ಲಿ ಹೆಸರಿರಬೇಕು, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಆಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಸತ್ತ ಅಜ್ಜನ ಹೆಸರಲ್ಲೇ ಪಹಣಿ ಉಳಿದಿರುವ ಮನೆಯವನೂ ಲಾಲ್‌ಪುರ್ಜಾ ಇಲ್ಲದ ನೇಪಾಳದ ರೈತನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಹಾಗಾದರೆ ದೂರದಲ್ಲಿರುವ ಓದುಗರು ಮಾಡಬಹುದಾದದ್ದೇನು? ಜಿಲ್ಲಾಡಳಿತ ಬೇಕಾದ ವಸ್ತುಗಳ ಪಟ್ಟಿ ಕೊಡುವವರೆಗೆ ಲಾರಿ ತುಂಬಬೇಡಿ. ಕರ್ನಾಟಕದಲ್ಲಾದರೆ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ ಕೇಳಿ. ಆಗುವುದಾದರೆ ಹಣವನ್ನೇ ಕೊಡಿ, ಅಧಿಕೃತ ನಿಧಿಗೋ ಆ ಊರಲ್ಲೇ ಮೊದಲಿನಿಂದ ಕೆಲಸ ಮಾಡುತ್ತಿರುವ ಸಂಸ್ಥೆಗೋ. ಹಳೆ ಬಟ್ಟೆ ಮನೆಯಲ್ಲೇ ಇರಲಿ. ನಿಮ್ಮ ಸ್ವಂತ ಪಹಣಿ, ಖಾತೆ, ದಾಖಲೆಗಳನ್ನು ಮಳೆಗಾಲಕ್ಕೆ ಮುಂಚೆಯೇ ಸರಿಪಡಿಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಯಾಮೆರಾಗಳು ಊರು ಬಿಟ್ಟು ಆರು ತಿಂಗಳಾದ ಮೇಲೆ ನಿಮ್ಮ ಶಾಸಕರನ್ನೂ ಸಂಸದರನ್ನೂ ಒಂದು ಪ್ರಶ್ನೆ ಕೇಳಿ: ಎಷ್ಟು ಮನೆಗಳಿಗೆ ಎರಡನೇ ಕಂತು ಸಿಕ್ಕಿದೆ?