ಗಣಕೀಕೃತ ವೈದ್ಯಕೀಯ ಸೂಚನಾ ವ್ಯವಸ್ಥೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ವೈದ್ಯರು ಔಷಧ ಹಾಗೂ ಪರೀಕ್ಷೆಗಳ ಸೂಚನೆಯನ್ನು ಚೀಟಿಯಲ್ಲಿ ಬರೆಯದೆ ಸ್ವತಃ ಗಣಕಯಂತ್ರದಲ್ಲಿ ದಾಖಲಿಸುವ ಕ್ರಮವೇ ಗಣಕೀಕೃತ ವೈದ್ಯಕೀಯ ಸೂಚನಾ ವ್ಯವಸ್ಥೆ. ಸೂಚನೆಯು ಪ್ರಯೋಗಾಲಯ ಮತ್ತು ಔಷಧಾಲಯಗಳಿಗೆ ನೇರವಾಗಿ ತಲುಪುವುದರಿಂದ ಕೈಬರಹವನ್ನು ತಪ್ಪಾಗಿ ಓದುವ ಸಂಭವವಿರುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಿಗಾಗಿ ಎನ್.ಐ.ಸಿ. ರೂಪಿಸಿರುವ ಇ-ಹಾಸ್ಪಿಟಲ್ ತಂತ್ರಾಂಶದಲ್ಲಿ ನೋಂದಣಿ, ಪ್ರಯೋಗಾಲಯ, ಔಷಧಾಲಯ ವಿಭಾಗಗಳಿವೆ.

ಇದರ ಮಹತ್ವವನ್ನು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯಿಂದಲೇ ಅರಿಯಬಹುದು. ಈ ಜ್ವರದಲ್ಲಿ ರಕ್ತಸ್ರಾವವಾಗುವ ಅಪಾಯವಿರುವುದರಿಂದ ಆಸ್ಪಿರಿನ್‌ನಂತಹ ನೋವುನಿವಾರಕಗಳನ್ನು ನೀಡತಕ್ಕದ್ದಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ನೀಡಲಾಗುತ್ತದೆ. ಕಣ್ತಪ್ಪಿನಿಂದ ಆಸ್ಪಿರಿನ್ ಬರೆದರೆ ಚೀಟಿ ತಾನಾಗಿಯೇ ಎಚ್ಚರಿಸುವುದಿಲ್ಲ. ಶಂಕಿತ ಮಂಗನ ಕಾಯಿಲೆ ಎಂದು ನಮೂದಾದ ರೋಗಿಗೆ ಅದನ್ನು ಆಯ್ಕೆ ಮಾಡಿದೊಡನೆ ಪರದೆಯಲ್ಲಿ ಎಚ್ಚರಿಕೆ ಮೂಡುವಂತೆ ಗಣಕದಲ್ಲಿ ಏರ್ಪಾಡು ಮಾಡಬಹುದು. ರೋಗಿಯನ್ನು ಶಿವಮೊಗ್ಗಕ್ಕೆ ಕಳುಹಿಸಿದಾಗ, ಎರಡೂ ಆಸ್ಪತ್ರೆಗಳ ದಾಖಲೆಗಳು ಜೋಡಣೆಯಾಗಿದ್ದಲ್ಲಿ, ಅದುವರೆಗೆ ನೀಡಿದ ಔಷಧಗಳ ವಿವರ ಅಲ್ಲಿಯೂ ದೊರೆಯುತ್ತದೆ.

ಗಣಕವೂ ದೋಷರಹಿತವಲ್ಲ. ಪಟ್ಟಿಯಲ್ಲಿ ಪಕ್ಕದ ಹೆಸರನ್ನು ಆರಿಸುವುದುಂಟು. ಎಚ್ಚರಿಕೆಗಳು ಅತಿಯಾದರೆ ವೈದ್ಯರು ಅವನ್ನು ಓದದೆ ದಾಟುವುದೂ ಉಂಟು. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಕಡಿತವಾದಾಗ ಕಾಗದದ ನಮೂನೆಗಳು ಸಿದ್ಧವಿರಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಾಖಲಿಸದ ಮಾಹಿತಿಗೆ ಎಚ್ಚರಿಕೆ ಮೂಡುವುದಿಲ್ಲ. ಆದುದರಿಂದ ಜ್ವರಪೀಡಿತರು ಕಾಡಿಗೆ ಹೋಗಿದ್ದರೆ, ಉಣುಗು ಕಚ್ಚಿದ್ದರೆ ಅಥವಾ ಸಮೀಪದಲ್ಲಿ ಮಂಗಗಳು ಸತ್ತಿದ್ದರೆ, ಆ ವಿಷಯವನ್ನೂ ತಾವು ಈಗಾಗಲೇ ಸೇವಿಸಿದ ಮಾತ್ರೆಗಳ ಹೆಸರನ್ನೂ ವೈದ್ಯರಿಗೆ ತಪ್ಪದೇ ತಿಳಿಸತಕ್ಕದ್ದು.