ಡ್ರೋನ್ ಹಾರಿಸೋ ಮುಂಚೆ ಪಡ್ರೆ ಊರಿನ ಕಥೆ ತಿಳ್ಕೊಳ್ರಿ

ಬೆನ್ನಿಗೆ ಪಂಪ್ ಕಟ್ಟಿಕೊಂಡು ದಿನಗಟ್ಟಲೆ ಹೊಡೆಯೋ ಎಣ್ಣೆಯನ್ನ ಡ್ರೋನ್ ಸ್ವಲ್ಪ ಹೊತ್ತಿನಲ್ಲೇ ಹೊಡೆದು ಮುಗಿಸ್ತದೆ. ಒಳ್ಳೇದೇ. ಆದರೆ ಮೇಲಿಂದ ಬಿದ್ದ ಎಣ್ಣೆ ಎಲ್ಲಿಗೆ ಹೋಗ್ತದೆ ಅನ್ನೋ ಪ್ರಶ್ನೆಗೆ ಕಾಸರಗೋಡು ಬಹಳ ದುಬಾರಿ ಉತ್ತರ ಕೊಟ್ಟಿದೆ.

ಅಲ್ಲಿ ಕೇರಳ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳಿವೆ. ಟೀ ಸೊಳ್ಳೆ ಕಾಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡಗಾಡು ಜಾಗ, ಎಣ್ಣೆ ಗಾಳಿಗೆ ಹಾರಿ ತೊರೆ, ಸುರಂಗದ ನೀರು, ಮನೆಯಂಗಳ ಸೇರಿತು. ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಕರುಗಳು ಅಂಗವಿಕಲವಾಗಿ ಹುಟ್ಟಿದ್ದನ್ನ ಕೃಷಿ ಪತ್ರಕರ್ತ ಶ್ರೀ ಪಡ್ರೆ ಮೊದಲೇ ಬರೆದಿದ್ದರು. ಮಕ್ಕಳಲ್ಲೂ ಕಾಯಿಲೆ ಹೆಚ್ಚಿದ್ದನ್ನ ಊರಿನ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ಗುರುತಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸಕ್ಕಿದ್ದ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಎಂಡೋಸಲ್ಫಾನ್ ನಿಲ್ಲಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಲು ಕೇರಳ ಸರ್ಕಾರಕ್ಕೆ ಆದೇಶಿಸಿತು.

ಈಗ ಮುಖ್ಯ ವಿಷಯ ನೋಡ್ರಿ. ಕಾನೂನು ಇರಲಿಲ್ಲ ಅಂತಲ್ಲ. ವಿಮಾನದಿಂದ ಸಿಂಪಡಿಸೋ ಮುಂಚೆ 24 ಗಂಟೆ ಮೊದಲೇ ಜನರಿಗೆ ತಿಳಿಸಬೇಕು, ಜನ-ದನ ಒಳಗೆ ಬರದಂತೆ ನೋಡಬೇಕು ಅಂತ 1971ರ ಕೀಟನಾಶಕ ನಿಯಮಗಳಲ್ಲೇ ಇತ್ತು. 2010ರಲ್ಲಿ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಗೆ ಸುರಕ್ಷತೆಯ ಹೊಸ ಅಧ್ಯಾಯವೇ ಸೇರಿತು. ಎಣ್ಣೆ ಮುಟ್ಟೋ ಕೂಲಿಗೆ ತರಬೇತಿ, ರಕ್ಷಣಾ ಉಡುಪು, ಸ್ನಾನಕ್ಕೆ ಜಾಗ, ಆಗಾಗ ಆರೋಗ್ಯ ತಪಾಸಣೆ, ಇವೆಲ್ಲ ಮಾಲೀಕನ ಹೊಣೆ. ಆದರೆ ಅದು ಚಹಾ, ಕಾಫಿ, ರಬ್ಬರಿನಂಥ ದೊಡ್ಡ ತೋಟಗಳಿಗೆ. ಶಿಗ್ಗಾಂವಿಯ ಗೋವಿನಜೋಳ, ಹಿರೇಕೆರೂರಿನ ಹತ್ತಿ ಹೊಲದ ಕೂಲಿಯವರನ್ನ ಕೇಳೋಕೆ ಯಾವ ಇನ್ಸ್‌ಪೆಕ್ಟರೂ ಬರಲ್ಲ. ಅಲ್ಲಿ ಮಾಲೀಕ ನೀವು. ಹೊಣೆಯೂ ನಿಮ್ಮದೇ.

ಹಾಗಾಗಿ ಇಷ್ಟು ಮಾಡ್ರಿ:

- ಡಬ್ಬಿ ಮೇಲಿನ ತ್ರಿಕೋನ ನೋಡ್ರಿ. ಕೆಂಪು ಅಂದ್ರೆ ಅತಿ ವಿಷ, ಆಮೇಲೆ ಹಳದಿ, ನೀಲಿ, ಹಸಿರು.
- ಲೇಬಲ್ಲಿನ ಫೋಟೋ ಫೋನಿನಲ್ಲಿರಲಿ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಡಾಕ್ಟರು ಮೊದಲು ಕೇಳೋದು ಅದನ್ನೇ.
- ಹೊಡೆಯೋರಿಗೆ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ, ಸೋಪು, ನೀರು ನೀವೇ ಕೊಡ್ರಿ.
- ಡ್ರೋನ್ ಹಾರಿಸೋದಾದ್ರೆ ಹಿಂದಿನ ದಿನವೇ ಊರ ವಾಟ್ಸಾಪ್ ಗುಂಪಿಗೆ ಹಾಕ್ರಿ. ಗಾಳಿ ಜೋರಿದ್ದರೆ ಅವತ್ತು ಬ್ಯಾಡ.
- ಪಕ್ಕದಲ್ಲಿ ಹಾನಗಲ್ಲಿನ ಕೆರೆ ಇರಬಹುದು, ಸವಣೂರಿನ ಎಲೆಬಳ್ಳಿ ತೋಟ ಇರಬಹುದು. ಆ ಎಲೆಯನ್ನ ಜನ ಹಸಿಯಾಗೇ ಬಾಯಿಗೆ ಹಾಕ್ಕೊಳ್ತಾರೆ. ಆ ಬದಿಗೆ ಜಾಗ ಬಿಟ್ಟು ಹೊಡೀರಿ.

ನಾನು ಸಾವಯವದವನು, ಎಣ್ಣೆ ಹೊಡೆಯಲ್ಲ. ಆದರೆ ಗಾಳಿಗೆ ನನ್ನ ಬದು ಯಾವುದು, ನಿಮ್ಮ ಬದು ಯಾವುದು ಅಂತ ಗೊತ್ತಾಗಲ್ಲ.